ವ್ಯಾನಿನ ಹಿಂದಿನ ಗೋಡೆ

ಸೋದರಮಾವನ ಅಂಗಡಿಯ ಮುಂಭಾಗದಲ್ಲಿ ಜೆರಾಕ್ಸ್ ಮತ್ತು ಲ್ಯಾಮಿನೇಷನ್. ಹಿಂದಿನ ಕೋಣೆಯಲ್ಲಿ ಎಂಟು ಹಳೇ ಕಂಪ್ಯೂಟರು, ಎಂಟರಲ್ಲೂ ಒಂದೇ ಆಟ. ಒಂದು ಕಟ್ಟಡದೊಳಗೆ ಬಂದೂಕು ಹಿಡಿದು ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಆಟ ಅದು. ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅದಕ್ಕಿಂತ ಹೊಸದನ್ನು ಓಡಿಸುವ ಶಕ್ತಿ ಆ ಕಂಪ್ಯೂಟರುಗಳಿಗಿಲ್ಲ, ಹೊಸ ಕಂಪ್ಯೂಟರು ತರುವ ಮನಸ್ಸು ಮಾವನಿಗಿಲ್ಲ. ಇಬ್ಬರೂ ಹೊಂದಿಕೊಂಡು ಹೋಗುತ್ತಿದ್ದರು.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಅಲ್ಲಿಗೆ ಬಂದವಳು. ಬೆಳಿಗ್ಗೆ ಜೆರಾಕ್ಸ್ ಮಾಡುತ್ತೇನೆ. ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಏಳನೇ ಕಂಪ್ಯೂಟರಿನ ಮುಂದೆ ಕೂತು ಆಟಕ್ಕೆ ಹೊಸ ಕಟ್ಟಡ ಕಟ್ಟುತ್ತೇನೆ. ಅದಕ್ಕೆ ಲೆವೆಲ್ ಎನ್ನುತ್ತಾರೆ. ಕಟ್ಟುವ ಸಲಕರಣೆ ಆಟದ ಜೊತೆಯಲ್ಲೇ ಬಂದಿತ್ತು, ಯಾರೂ ತೆರೆದು ನೋಡಿರಲಿಲ್ಲ. ನಾನು ತೆರೆದೆ. ಅಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ. "ಇವಳು ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ" ಎನ್ನುತ್ತಾಳೆ ಅತ್ತೆ.

ಆಡಲು ಬರುವವರು ಎಂಟು ಜನ. ತಮ್ಮನ್ನು ತಾವು ಸಂಘ ಎಂದು ಕರೆದುಕೊಳ್ಳುತ್ತಾರೆ. ಟೈಲರ್ ಅಣ್ಣ ಅದರ ಅಧ್ಯಕ್ಷ. ಯಾರೂ ಆರಿಸಿದ್ದಲ್ಲ, ಅವನೇ ಕೂತ. ಎರಡು ಬೀದಿ ಆಚೆ ಹೊಸದೊಂದು ಆಟದ ಅಂಗಡಿ ತೆರೆದಿತ್ತು. ಹಳೇ ಲೆವೆಲ್ಲುಗಳು ಬೇಸರವಾಗಿವೆ, ಪುಟ್ಟಿ, ಅಂದರೆ ನಾನು, ಕಟ್ಟುತ್ತಿರುವ ಹೊಸದನ್ನು ಶನಿವಾರ ಆಡಿ ನೋಡೋಣ, ಅದು ಸರಾಗ ಓಡದಿದ್ದರೆ ಅಲ್ಲಿಗೆ ಹೋಗೋಣ ಎಂದು ಸಂಘ ತೀರ್ಮಾನಿಸಿತು.

"ಅವರು ಹೋದ್ರೆ ಕೋಣೆ ಟೈರಿನವನಿಗೆ ಗೋಡೌನಿಗೆ ಕೊಡ್ತೀನಿ," ಎಂದ ಮಾವ. "ಕಂಪ್ಯೂಟರ್ ಎಲ್ಲಾ ಗುಜರಿಗೆ. ನೀನು ಜೆರಾಕ್ಸ್ ಹತ್ರ ಇರು, ಪುಟ್ಟಿ. ಜನ ಬರ್ತಾ ಹೋಗ್ತಾ ಇರ್ತಾರೆ, ನಾಲ್ಕು ಮಾತು ಕಲೀತೀಯ."

ನನಗೆ ಏಳನೇ ಕಂಪ್ಯೂಟರು ಬೇಕಾಗಿತ್ತು. ಮಾವನಿಗೆ ಹೇಳಲಿಲ್ಲ.

ನಾನು ಕಟ್ಟುತ್ತಿದ್ದುದು ಒಂದು ಆಸ್ಪತ್ರೆ. ಕಟ್ಟುವಾಗ ಒಬ್ಬೊಬ್ಬರೇ ಬಂದು ಬೆನ್ನ ಹಿಂದೆ ನಿಂತರು. ನರ್ಸ್ ಅಕ್ಕ ವಾರ್ಡಿಗೆ ಹನ್ನೆರಡು ಮಂಚ ಕೇಳಿದಳು, ಹನ್ನೆರಡಕ್ಕೂ ಗಾಲಿ. ಟೈಲರ್ ಅಣ್ಣ ಒಂದು ಹೊಲಿಗೆ ಯಂತ್ರ ಕೇಳಿದ. ವ್ಯಾನ್ ಓಡಿಸುವ ಡ್ರೈವರ್ ಅಣ್ಣ, ಆಂಬುಲೆನ್ಸ್ ತನ್ನ ವ್ಯಾನಿನ ಹಾಗೇ ಇರಬೇಕೆಂದು ಬಂಪರಿನ ಗೀರನ್ನೂ ಬಿಡಿಸಿ ಹೇಳಿದ. ನನಗೆ ಇಲ್ಲ ಎನ್ನಲು ಬರುವುದಿಲ್ಲ. ಎಲ್ಲ ಇಟ್ಟೆ.

ಮುಗಿಸಿ ಓಡಿಸಿ ನೋಡಿದೆ. ತೆರೆಯ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತಿದೆ ಎಂದು ಹೇಳುತ್ತದೆ. ಮೂವತ್ತರ ಹತ್ತಿರವಿದ್ದರೆ ಆಡಬಹುದು. ಆಸ್ಪತ್ರೆಯ ಬಾಗಿಲಲ್ಲಿ ನಿಂತರೆ ಹನ್ನೊಂದು. ಹೊಟ್ಟೆಗೆ ಹಿಟ್ಟಿಲ್ಲದ ಕಂಪ್ಯೂಟರಿನ ಜುಟ್ಟಿಗೆ ನಾನು ಬುಟ್ಟಿಗಟ್ಟಲೆ ಮಲ್ಲಿಗೆ ಮುಡಿಸಿದ್ದೆ.

ಈ ಆಟದ ಎಂಜಿನ್, ಅಂದರೆ ಚಿತ್ರ ಬಿಡಿಸಿ ಆಟ ಓಡಿಸುವ ಪ್ರೋಗ್ರಾಮು, ನಮ್ಮ ಕಣ್ಣಿಗೆ ಕಂಡದ್ದನ್ನು ಮಾತ್ರ ಬಿಡಿಸುವುದಿಲ್ಲ. ನಿಂತ ಕೋಣೆಯ ಯಾವುದಾದರೂ ಮೂಲೆಯಿಂದ ಕಾಣಬಹುದಾದದ್ದನ್ನೆಲ್ಲ ಬಿಡಿಸುತ್ತದೆ. ನನ್ನ ಕಾರಿಡಾರು ನೇರವಾಗಿತ್ತು, ಬಾಗಿಲುಗಳು ಒಂದರ ಎದುರು ಒಂದಿದ್ದವು. ಹಾಗಾಗಿ ಯಾರು ಒಳಗೆ ಬಂದರೂ ಹನ್ನೆರಡು ಮಂಚ, ನಲವತ್ತೆಂಟು ಗಾಲಿ, ಹೊಲಿಗೆ ಯಂತ್ರ, ವ್ಯಾನು ಎಲ್ಲವನ್ನೂ ಅದು ಹೊತ್ತುಕೊಂಡು ನಿಲ್ಲಬೇಕಿತ್ತು.

ಯಾರ ಸಾಮಾನನ್ನೂ ತೆಗೆಯಲಿಲ್ಲ. ಕಾರಿಡಾರನ್ನು ಎರಡು ಕಡೆ ತಿರುಗಿಸಿ ನಡುವೆ ಗೋಡೆ ಎಬ್ಬಿಸಿದೆ. ವ್ಯಾನಿನ ಶೆಡ್ಡನ್ನು ಬಾಗಿಲಿಗೆ ಕಾಣದಂತೆ ಹಿಂದಕ್ಕೆ, ಎಂಜಿನ್ ಕಟ್ಟಲು ಬಿಡುವ ಜಾಗದ ಕಟ್ಟಕಡೆಯ ಅಂಚಿಗೆ ಒಯ್ದೆ. ಅದರಾಚೆ ಲೋಕವಿಲ್ಲ. ಶುಕ್ರವಾರ ಸಂಖ್ಯೆ ಮೂವತ್ತು ತೋರಿಸಿತು.

ಶನಿವಾರ ಬೆಳಿಗ್ಗೆ ಡ್ರೈವರ್ ಅಣ್ಣ ವ್ಯಾನ್ ನೋಡಬೇಕೆಂದು ಬಂದ. ಏಳನೇ ಕಂಪ್ಯೂಟರಿನಲ್ಲಿ ತೆರೆದು ತೋರಿಸುತ್ತಿದ್ದೆ, ಅಷ್ಟರಲ್ಲಿ ಒಬ್ಬ ವಕೀಲರು ಎಂಬತ್ತು ಪುಟ ಹಿಡಿದು ಜೆರಾಕ್ಸಿಗೆ ಬಂದು ನಿಂತರು. ನಾನು ವಾಪಸು ಬರುವಷ್ಟರಲ್ಲಿ ಅವನು ಹೊರಟಿದ್ದ. ನಾನು ವಾರ್ಡಿನ ಒಂದು ದೀಪ ತಗ್ಗಿಸಿ, ಬಿಡಿಸಿದ್ದನ್ನೆಲ್ಲ ಆಡುವ ಲೆವೆಲ್ಲಾಗಿ ಸಲಕರಣೆಯಿಂದ ಕೊನೆಯ ಸಲ ಕಟ್ಟಿಸಿ, ಎಂಟೂ ಕಂಪ್ಯೂಟರಿಗೆ ಹಾಕಿದೆ. ಓಡಿಸಿ ನೋಡಲಿಲ್ಲ. ಶುಕ್ರವಾರ ಸರಿಯಿತ್ತಲ್ಲ.

ಮೂರು ಗಂಟೆಗೆ ಸಂಘ ಸೇರಿತು. ಆಟ ಶುರುವಾದ ಕೂಡಲೇ ಸಂಖ್ಯೆ ಒಂಬತ್ತಕ್ಕೆ ಇಳಿಯಿತು. ಕಾರಿಡಾರು ನೇರವಿದ್ದಾಗಲೂ ಹನ್ನೊಂದಿತ್ತು.

"ನಮ್ಮ ವಾರ್ಡಲ್ಲಿ ಆಪರೇಷನ್ ಆದೋರೂ ಇಷ್ಟು ನಿಧಾನಕ್ಕೆ ನಡೆಯಲ್ಲ ಕಣೆ," ಎಂದಳು ನರ್ಸ್ ಅಕ್ಕ.

ಡ್ರೈವರ್ ಅಣ್ಣ ಮೊದಲು ಸತ್ತ. "ಮೆಷಿನ್ ತಡವರಿಸ್ತು. ಇಲ್ದಿದ್ರೆ ನಾನು ಸಾಯೋನಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ಟೈಲರ್ ಅಣ್ಣ. ಆಮೇಲೆ ಅವನೂ ಸತ್ತ. ಎದ್ದು ಮೊಬೈಲು ಹಿಡಿದು ನನ್ನ ಕಡೆ ತಿರುಗಿದ. "ಪುಟ್ಟಿ, ಆ ಅಂಗಡಿಯವನಿಗೆ ಐದಕ್ಕೆ ಮುಂಚೆ ಹೇಳ್ಬೇಕು. ಆಗುತ್ತಾ, ಆಗಲ್ವಾ? ಅಡ್ಡಗೋಡೆ ಮೇಲೆ ದೀಪ ಇಡಬೇಡ."

"ಎಲ್ಲೋ ಬಿರುಕು ಬಿಟ್ಟಿದೆ," ಎಂದೆ.

ಎಲ್ಲರೂ ಕೋಣೆಯ ಗೋಡೆ ನೋಡಿದರು.

"ಆಸ್ಪತ್ರೇಲಿ," ಎಂದೆ.

ಲೆವೆಲ್ಲಿಗೂ ಹೊರಗಿನ ಶೂನ್ಯಕ್ಕೂ ನಡುವೆ ಕೂದಲೆಳೆಯಷ್ಟು ಸಂದೂ ಇರಬಾರದು. ಇದ್ದರೆ ಯಾವುದು ಒಳಗು, ಯಾವುದು ಹೊರಗು ಎಂಬುದು ಎಂಜಿನ್ನಿಗೆ ತಿಳಿಯುವುದಿಲ್ಲ. ಆಗ ಅದು ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬ ಲೆಕ್ಕವನ್ನೇ ಕೈಬಿಡುತ್ತದೆ. ಮುನಿಸಿಕೊಂಡ ಅಡುಗೆಯವನ ಹಾಗೆ ಇದ್ದದ್ದನ್ನೆಲ್ಲ ತಂದು ಮುಂದೆ ಸುರಿಯುತ್ತದೆ.

ಸಂದು ಹುಡುಕಲು ಒಂದು ದಾರಿಯಿದೆ. ಒಳಗಿನಿಂದ ಸಂದಿನವರೆಗೆ ಸಲಕರಣೆ ಒಂದು ಕೆಂಪು ಗೆರೆ ಎಳೆದುಕೊಡುತ್ತದೆ. ನಾನು ಏಳನೇ ಕಂಪ್ಯೂಟರಿಗೆ ಕೂತು ಗೆರೆಯನ್ನು ಹಿಂಬಾಲಿಸಿದೆ. ಎಂಟು ತಲೆಗಳು ನನ್ನ ಭುಜದ ಮೇಲೆ ಬಾಗಿದವು. ಗೆರೆ ವಾರ್ಡಿನಲ್ಲಿ ಹುಟ್ಟಿ ಹನ್ನೆರಡು ಮಂಚಗಳ ನಡುವೆ ಹಾದುಹೋಯಿತು. ನರ್ಸ್ ಅಕ್ಕ ಉಸಿರು ಬಿಟ್ಟಳು. ಹೊಲಿಗೆ ಯಂತ್ರ ದಾಟಿತು. ಟೈಲರ್ ಅಣ್ಣ ಉಸಿರು ಬಿಟ್ಟ. ಎರಡು ಸಲ ತಿರುಗಿ ಶೆಡ್ಡಿಗೆ ನುಗ್ಗಿ, ವ್ಯಾನಿನ ಅಡಿಯಲ್ಲಿ ನುಸುಳಿ, ಹಿಂದಿನ ಗೋಡೆಯ ಪಕ್ಕದ ಬೆರಳಗಲದ ಸಂದಿನಿಂದ ಹೊರಗೆ ಹೋಯಿತು. ಗೋಡೆ ಇದ್ದಲ್ಲಿ ಇರಲಿಲ್ಲ, ಹಿಂದಕ್ಕೆ ಸರಿದಿತ್ತು.

ಎಲ್ಲರೂ ಡ್ರೈವರ್ ಅಣ್ಣನ ಕಡೆ ತಿರುಗಿದರು.

"ಇಪ್ಪತ್ತೆರಡು ವರ್ಷದ ಸರ್ವಿಸಲ್ಲಿ ನಾನು ಒಂದು ಗೋಡೆಗೂ ತಾಗಿಸಿಲ್ಲ," ಎಂದ ಡ್ರೈವರ್ ಅಣ್ಣ.

"ತಾಗಿಸಿಲ್ಲ ಬಿಡಿ ಅಣ್ಣ," ಎಂದಳು ನರ್ಸ್ ಅಕ್ಕ. "ಸೀದಾ ತಳ್ಳಿದೀರ."

"ಬೆಳಿಗ್ಗೆ ಇವಳು ಜೆರಾಕ್ಸಿಗೆ ಹೋದಾಗ ಗೋಡೆ ಒಂಚೂರು ಸರಿಸಿದೆ ಅಷ್ಟೆ. ಹಿಂದಿನ ಬಾಗಿಲು ತೆಗೆಯೋಕೆ ಜಾಗ ಇರ್ಲಿಲ್ಲ. ರೋಗೀನ ಎಲ್ಲಿಂದ ಇಳಿಸ್ತಾರೆ, ಕಿಟಕಿಯಿಂದಾನಾ?"

"ಅದು ಬರೀ ಚಿತ್ರ ಕಣಯ್ಯ! ಅದರ ಬಾಗಿಲು ತೆಗೆಯೋದೇ ಇಲ್ಲ," ಎಂದ ಟೈಲರ್ ಅಣ್ಣ.

"ಚಿತ್ರ ಆದ್ರೇನು? ನಿಲ್ಸೋ ರೀತಿ ಒಂದಿರುತ್ತೆ."

ನಾನು ಗೋಡೆಯನ್ನು ಮೊದಲಿನ ಜಾಗಕ್ಕೆ ತಂದೆ.

"ಹಾಗಿದ್ರೆ ಗಾಡಿ ಮುಂದೆ ತಾ," ಎಂದ ಡ್ರೈವರ್ ಅಣ್ಣ. "ಎರಡಡಿ ಸಾಕು. ಪುಟ್ಟಿ, ನೀನು ಇಲ್ಲ ಅನ್ನೋಳಲ್ಲ."

ಎರಡಡಿ ಮುಂದೆ ಬಂದರೆ ವ್ಯಾನಿನ ಮೂತಿ ಬಾಗಿಲಿಗೆ ಕಾಣುತ್ತಿತ್ತು. ಮೂತಿ ಕಂಡರೆ ಎಂಜಿನ್ ಇಡೀ ವ್ಯಾನನ್ನು ಹೊರಬೇಕು, ಬಂಪರಿನ ಗೀರಿನ ಸಮೇತ. ಎಲ್ಲಕ್ಕಿಂತ ಹಳೆಯದಾದ ಮೂರನೇ ಕಂಪ್ಯೂಟರು ಅಲ್ಲೇ ಕೂತುಬಿಡುತ್ತಿತ್ತು. ಅದನ್ನೆಲ್ಲ ವಿವರಿಸಲು ತುಂಬ ಮಾತು ಬೇಕಿತ್ತು.

"ಇಲ್ಲ ಅಣ್ಣ," ಎಂದೆ.

"ಒಂದಡಿ?"

"ಇಲ್ಲ."

ಅವನು ನನ್ನನ್ನು ನೋಡಿದ. ನಾನು ತೆರೆಯನ್ನು ನೋಡಿದೆ. ಟೈಲರ್ ಅಣ್ಣ ಗಡಿಯಾರ ನೋಡಿದ. ನಾನು ಲೆವೆಲ್ಲನ್ನು ಮತ್ತೆ ಕಟ್ಟಲು ಹಾಕಿದೆ. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಇಪ್ಪತ್ತು ನಿಮಿಷವೂ ಸಂಘ ನಿಂತುಕೊಂಡು ಒಂದು ಬಿಳಿ ಗೀಟು ಎಡದಿಂದ ಬಲಕ್ಕೆ ಬೆಳೆಯುವುದನ್ನು ನೋಡಿತು. ಡ್ರೈವರ್ ಅಣ್ಣ ಮಾತ್ರ ಹೊರಗೆ ಹೋಗಿ ತನ್ನ ನಿಜವಾದ ವ್ಯಾನಿನ ಗಾಜು ಒರೆಸಿದ.

ಬಾಗಿಲಲ್ಲಿ ನಿಂತಾಗ ಮೂವತ್ತು. ವಾರ್ಡಿನಲ್ಲಿ ಇಪ್ಪತ್ತೊಂಬತ್ತು. ಮೂರನೇ ಕಂಪ್ಯೂಟರಿನಲ್ಲಿ ಇಪ್ಪತ್ತಾರು. "ಓಡುತ್ತೆ," ಎಂದು ನರ್ಸ್ ಅಕ್ಕ ಮೂವರನ್ನು ಹೊಡೆದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಟೈಲರ್ ಅಣ್ಣ ಮಂಚದ ಹಿಂದೆ ಅಡಗಿಕೊಂಡೇ ಒಂದು ಕೈಯಲ್ಲಿ ಫೋನ್ ಮಾಡಿ, ನಾವು ಬರಲ್ಲಪ್ಪ ಎಂದ. ಹಾಗೆ ಹೇಳುತ್ತಿರುವಾಗಲೇ ಸತ್ತ.

ಡ್ರೈವರ್ ಅಣ್ಣ ಗಾಜು ಒರೆಸಿದ ಬಟ್ಟೆ ಮಡಚುತ್ತ ಒಳಗೆ ಬಂದು ನನ್ನ ಪಕ್ಕ ನಿಂತ.

"ಬಾಗಿಲು ತೆಗೆಯಲ್ಲ ಅಂತ ನಂಗೂ ಗೊತ್ತಿತ್ತು."

"ಹೂಂ ಅಣ್ಣ."

"ಆದ್ರೂ."

"ಹೂಂ."

ಅವನು ಮೂರನೇ ಕಂಪ್ಯೂಟರಿಗೆ ಹೋಗಿ ಕೂತ.

ಮುಂದುಗಡೆ ಟೈರಿನವನು ಬಂದು ನಿಂತಿದ್ದ. ಒಳಗೆ ಯಾರೋ ಮೋಸ ಮೋಸ ಎಂದು ಕೂಗುತ್ತಿದ್ದರು. "ಕೋಣೆ ಖಾಲಿ ಇಲ್ಲಪ್ಪ," ಎಂದ ಮಾವ, ಒಂದು ಗುರುತಿನ ಚೀಟಿಯನ್ನು ಲ್ಯಾಮಿನೇಷನ್ ಯಂತ್ರಕ್ಕೆ ತೂರಿಸುತ್ತ. "ಮುಂದಿನ ವಾರಾನೂ ಇಲ್ಲ. ಕೇಳು, ಹೇಗೆ ಕಿರುಚ್ತಾ ಇದಾರೆ."