ಬಾಳಿಕೆ ಬರುವ ಭಾಷೆ

ಪುಷ್ಯದ ಚಳಿ ಇನ್ನೂ ಹೊಲ ಬಿಟ್ಟಿರಲಿಲ್ಲ. ನಾಗರಬಾವಿಯ ದೊಡ್ಡಣ್ಣನ ಅಂಗಳದಲ್ಲಿ ಇಬ್ಬನಿ ಕುಡಿದ ಅವರೆಕಾಯಿ ರಾಶಿ ಬಿದ್ದಿತ್ತು. ಹೆಂಗಸರು ಸುಲಿಯುತ್ತ ಕೂತಿದ್ದರು. ಕಿರಿಮಗಳು ಪಂಕಜಾಳನ್ನು ನೋಡಲು ಗಂಡಿನವರು ಬರುವ ದಿನ. ಹಾಗಂತ ಕಿತ್ತ ಕಾಯಿ ಬಾಡಲು ಬಿಡಲಾಗುತ್ತದೆಯೇ?

ಹಿರಿಯಳಿಯ ವೆಂಕಟಗಿರಿ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದ. ವಿಮೆ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವನ ಕೆಲಸ. ಹೊಲದ ತಕರಾರಿಗೂ ಮಾವ ಅವನ ಮಾತನ್ನೇ ಕೇಳುತ್ತಿದ್ದ. ಬರುವ ಗಂಡು ಚನ್ನಕೇಶವನೂ ಅದೇ ಕಸುಬಿನವನೆಂದು ತಿಳಿದಾಗಿನಿಂದ ವೆಂಕಟಗಿರಿಗೆ ಊಟ ರುಚಿಸಿರಲಿಲ್ಲ. ಕೇಶವ ಹೊಸಬನೇನಲ್ಲ. ಓದುವಾಗ ವೆಂಕಟಗಿರಿ ಉಂಡಿದ್ದೆಲ್ಲ ಕಾಮಾಕ್ಷಿಪಾಳ್ಯದ ಅವನ ಮನೆಯಲ್ಲೇ. ಅವನ ತಾಯಿ ಅಕ್ಕಯ್ಯಮ್ಮ ಮಗನಿಗಿಂತ ದೊಡ್ಡ ಮುದ್ದೆಯನ್ನು ಇವನಿಗೆ ಇಡುತ್ತಿದ್ದಳು. ಯಂತ್ರಕ್ಕೆ ಲೆಕ್ಕ ಹೇಳುವ ಕೋಬಾಲ್ ಭಾಷೆಯನ್ನು ಇವನಿಗೆ ಕಲಿಸಿದವನೂ ಕೇಶವನೇ. ಇದೊಂದೂ ಮಾವನಿಗೆ ಗೊತ್ತಿರಲಿಲ್ಲ.

ತಾಯಿ ಮಗ ಬಂದರು. "ನಮ್ ಗಿರಿ ಇಲ್ಲೇ ಅವ್ನೆ" ಎಂದು ಅಕ್ಕಯ್ಯಮ್ಮನ ಮುಖ ಅರಳಿತು. ವೆಂಕಟಗಿರಿ ಬಸ್ಸಿನಲ್ಲಿ ಸಿಕ್ಕವಳನ್ನು ಮಾತಾಡಿಸುವಂತೆ, ಚೆನ್ನಾಗಿದೀರಾ ಎಂದಷ್ಟೇ ಕೇಳಿದ.

ಉಪ್ಪಿಟ್ಟು ಆಯಿತು. ಕಾರ್ಖಾನೆಯಲ್ಲಿ ಫೋರ್ಟ್ರಾನ್ ಎಂಬ ಭಾಷೆಯಲ್ಲಿ ಯಂತ್ರಕ್ಕೆ ಲೆಕ್ಕ ಬರೆಯುತ್ತೇನೆಂದು ಕೇಶವ ಹೇಳಿದ. ದೊಡ್ಡಣ್ಣ ಎತ್ತಿನ ಹಲ್ಲು ನೋಡಿಸುವವನ ಹಾಗೆ ಅಳಿಯನ ಕಡೆ ತಿರುಗಿದ.

"ಮಗಳು ಐವತ್ತು ವರ್ಷ ಬಾಳ್ಬೇಕು. ಈ ಭಾಷೆ ಅಷ್ಟು ಕಾಲ ಬಾಳ್ತದಾ?"

ಹತ್ತು ವರ್ಷ ಹೆಚ್ಚೆಂದ ವೆಂಕಟಗಿರಿ. ಮುಂದೆ ನಿಲ್ಲುವುದು ಕೋಬಾಲ್ ಒಂದೇ ಎಂದ.

ಕೇಶವ ಮೆಲ್ಲಗೆ ಹೇಳಿದ: "ಎರಡೂ ಉಳೀತವೆ. ಸಂಬಳ ಕೊಡೋವರೆಗೂ ಕೋಬಾಲ್, ಸೇತುವೆ ಕಟ್ಟೋವರೆಗೂ ಫೋರ್ಟ್ರಾನ್."

"ಸೇತುವೆ ದಿನಾ ಕಟ್ತಾರೇನಪ್ಪಾ? ಸಂಬಳ ತಿಂಗಳ್ ತಿಂಗಳೂ ಕೊಡ್ಬೇಕು." ವೆಂಕಟಗಿರಿಯ ಮಾತಿಗೆ ಅಂಗಳದ ಹೆಂಗಸರೂ ನಕ್ಕರು. "ನಿಂಗೆ ಕೋಬಾಲ್ ಬರ್ತದಾ?"

ಕೇಶವ ಅವನನ್ನೇ ನೋಡಿದ. "ಸ್ವಲ್ಪ ಬರ್ತದೆ."

"ಸ್ವಲ್ಪ ಬರೋರು ನಮ್ಮಾಫೀಸಲ್ಲಿ ಯಂತ್ರಕ್ಕೆ ಹಾಕೋ ತೂತಿನ ಕಾರ್ಡ್ ಹೊರ್ತಾರೆ, ಮಾವ."

ಅಕ್ಕಯ್ಯಮ್ಮ ಬಾಯಿ ತೆರೆದಳು. ಮಾವನ ಮನೆಯಲ್ಲಿ ಗಿರಿಯ ಮಾನ ತೆಗೆಯಬಾರದೆಂದು ಮಗ ಅವಳ ಮೊಣಕಾಲು ಒತ್ತಿದ. ಯೋಚನೆ ಮಾಡಿ ಹೇಳಿ ಕಳಿಸ್ತೀವಿ ಅಂದ ದೊಡ್ಡಣ್ಣ. ಕದದ ಹಿಂದೆ ಪಂಕಜಾ ಮುಡಿಯ ಹೂವು ಕಿತ್ತಳು.

ಬಂದವರನ್ನು ಬರಿಗೈಲಿ ಕಳಿಸುವ ಮನೆಯಲ್ಲ ಅದು. ವೆಂಕಟಗಿರಿಯೇ ಮೊರ ತುಂಬಿ ಅಕ್ಕಯ್ಯಮ್ಮನ ಸೆರಗಿಗೆ ಅವರೆಕಾಯಿ ಸುರಿದ. "ನಿಮ್ಮನೇಲಿ ಉಂಡಿದ್ದು ಇಲ್ಲಿಗೆ ತೀರ್ತು ಅಂದ್ಕೊಳ್ಳಿ" ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದ.

ಅವಳು ರಾಶಿಯ ಹತ್ತಿರ ಹೋಗಿ ಸೆರಗು ಕೊಡವಿದಳು. "ಉಂಡ ಋಣ ನಿನ್ ಮೈಮೇಲೇ ಇರ್ಲಿ ಮಗಾ. ನಾನು ಕೇಳಾಕಿಲ್ಲ."

ಸುಲಿಯುವ ಕೈಗಳು ನಿಂತು, ಮತ್ತೆ ಆಡಿದವು. ತಾಯಿ ಮಗ ಮಾಗಡಿ ರಸ್ತೆಯ ಕಡೆ ನಡೆದರು.

"ಅಳಿಯಂದ್ರೇ, ಮುದ್ದೆ ಹಾಕ್ಸಲಾ?" ಒಳಗಿನಿಂದ ಮಾವ ಕೇಳಿದ.

ಹೂಂ ಅಂದ ವೆಂಕಟಗಿರಿ. ಆವತ್ತು ಚೆನ್ನಾಗಿ ಉಂಡ.