ಮೊದಲ ತುತ್ತಿನ ಮಾತ್ರೆ

ಬಡಗಿಯ ಮನೆಯಲ್ಲಿ ಅಡಿಗೆ ಬೇಗನೆ ಆಗುತ್ತಿತ್ತು. ಅದನ್ನು ಮಾಡಿದವಳ ಊಟ ಮಾತ್ರ ಎಲ್ಲರ ಕೈ ಒಣಗಿದ ಮೇಲೆ. ಬಡಗಿ, ಅವನ ತಮ್ಮ, ಅವರ ತಾಯಿ ಎಲ್ಲರೂ ಉಂಡೆದ್ದ ಮೇಲೆ, ತಳದಲ್ಲಿ ಉಳಿದದ್ದನ್ನು ಬಡಗಿಯ ಹೆಂಡತಿ, ಆ ಮನೆಯ ಸೊಸೆ, ಒಲೆಯ ಪಕ್ಕ ನಿಂತೇ ಬಾಯಿಗೆ ಹಾಕಿಕೊಳ್ಳಬೇಕು. ಇದಕ್ಕೆ ಮನೆತನದ ಮರ್ಯಾದೆ ಎಂಬ ದೊಡ್ಡ ಹೆಸರು ಬೇರೆ!

ಆ ಸೊಸೆಗೆ ಕಿಡ್ನಿ ಸೋತಿತ್ತು. ಊಟದೊಳಗಿನ ರಂಜಕ, ಅಂದರೆ ಫಾಸ್ಫರಸ್, ರಕ್ತದಲ್ಲೇ ಉಳಿದು ಮೂಳೆ ತಿನ್ನುತ್ತಿತ್ತು. ಅದನ್ನು ಹೊಟ್ಟೆಯಲ್ಲೇ ಹಿಡಿದುಹಾಕುವ ಮಾತ್ರೆ ಕೊಟ್ಟ ಡಾಕ್ಟರು, "ಊಟದ ಜೊತೆಗೇ ನುಂಗಬೇಕಮ್ಮ. ಬರಿ ಹೊಟ್ಟೆಗೆ ನುಂಗಿದ್ರೆ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ" ಎಂದಿದ್ದರು.

ಆದರೆ ಅವಳಿಗೆ ಊಟ ಎಂಬುದೆಲ್ಲಿತ್ತು? ಬಡಿಸುತ್ತಾ ಒಂದು ಚೂರು, ಪಾತ್ರೆ ಬಳಿಯುತ್ತಾ ಒಂದು ಚೂರು. ಎಷ್ಟೋ ರಾತ್ರಿ ಸುಸ್ತಾಗಿ ಉಣ್ಣದೆ ಮಲಗುವಳು, ಮಾತ್ರೆ ಡಬ್ಬಿಯಲ್ಲೇ ಉಳಿಯುವುದು. ಮೈತುರಿಕೆಗೆ ತೋಳಿನ ತುಂಬ ಗೀರುಗಳೆದ್ದವು.

ರಕ್ತಪರೀಕ್ಷೆ ನೋಡಿ ಡಾಕ್ಟರು ಗದರಿದರು. "ಹೀಗೇ ಬಿಟ್ರೆ ಹೃದಯಕ್ಕೇ ಬರುತ್ತೆ!"

ಪಕ್ಕದಲ್ಲಿದ್ದ ಗಂಡ, "ಇವಳಿಗೆ ಮೈಮೇಲೆ ಜ್ಞಾನವೇ ಇಲ್ಲ ಡಾಕ್ಟ್ರೇ, ತಂದುಕೊಟ್ರೂ ನುಂಗಲ್ಲ" ಎಂದುಬಿಟ್ಟ. ಅಬ್ಬಾ! ಕೈ ಕಟ್ಟಿಹಾಕಿದವರೇ ಈಜಲು ಬರುವುದಿಲ್ಲವೆಂದು ದೂರುವುದೇ! ಅವಳ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವಳೇ, "ಅತ್ತೆ, ಇವತ್ತಿಂದ ನಾನೂ ಎಲ್ಲರ ಜೊತೆ ಉಣ್ತೀನಿ" ಎಂದಳು.

"ಗಂಡಸರ ಹೊಟ್ಟೆ ತುಂಬೋ ಮುಂಚೆ ಹೆಂಗಸು ಬಾಯಾಡಿಸಿದ್ರೆ ಮನೆ ಉದ್ಧಾರ ಆಗುತ್ತಾ? ನಾನೂ ಕೊನೇಲೇ ಉಂಡವಳು. ನಂಗೇನಾಯ್ತು?"

"ನಿಮ್ಮ ಕಿಡ್ನಿ ಗಟ್ಟಿ ಇತ್ತು, ಅಷ್ಟೇ."

"ಒಂದು ಮಾತ್ರೆಗೆ ಇಷ್ಟು ರಂಪಾನಾ? ಎಲ್ಲರೂ ಎದ್ದ ಮೇಲೆ ನುಂಗಿದ್ರೆ ಅದೇನು ಮುನಿಸ್ಕೊಳ್ಳುತ್ತಾ?"

"ಊಟದ ಜೊತೆ ನುಂಗು ಅಂತಾರೆ ಡಾಕ್ಟ್ರು. ನಂಗೆ ಊಟ ಅಂತ ಒಂದಿದ್ರೆ ತಾನೇ ಅತ್ತೆ, ಅದರ ಜೊತೆ ನುಂಗೋದು?"



ರಾತ್ರಿ ಅಣ್ಣತಮ್ಮಂದಿರು ಕೈತೊಳೆದು ಬಂದರೆ ಮೇಜಿನ ಮೇಲೆ ತಟ್ಟೆಯೊಂದು ಹೆಚ್ಚಿತ್ತು. ಸೊಸೆ ಅದರ ಮುಂದೆ ಕುಳಿತಿದ್ದಳು. ಮೈದುನ ತಬ್ಬಿಬ್ಬಾಗಿ ನಿಂತ.

"ಏಳೇ ಮೇಲೆ!" ಅತ್ತೆ ಸಿಡಿದರು.

"ಏಳಲ್ಲ."

ಅವಳು ಮೊದಲ ತುತ್ತಿನ ಜೊತೆ ಮಾತ್ರೆಯನ್ನು ಬಾಯಿಗಿಟ್ಟು, ನಿಧಾನವಾಗಿ ನುಂಗಿದಳು.

"ಅಮ್ಮನಿಗೇ ಎದುರುತ್ತರವಾ?" ಗಂಡ ಗುಡುಗಿದ. "ನೀನು ಹೀಗೆ ಕೂತ್ರೆ ಬಡಿಸೋರು ಯಾರು?"

"ನಾನು ಸತ್ತ ಮೇಲೆ ಯಾರು ಬಡಿಸ್ಕೊಳ್ತಾರೋ ಅವರೇ. ಅಲ್ಲೀವರೆಗೂ ಯಾಕೆ ಕಾಯ್ತೀರಿ? ಇವತ್ತೇ ಕಲ್ತುಕೊಳ್ಳಿ."

ಸೌಟನ್ನು ಅವನ ಕಡೆ ತಳ್ಳಿ, ಎರಡನೆಯ ತುತ್ತು ಕಲಸಿದಳು.