ನಲವತ್ತೊಂದನೇ ಪುಟದವರು

ಅವರ ಅಂಗಡಿಗೆ ಕನ್ನಡಕ ಮಾಡಿಸಿಕೊಳ್ಳಲು ಹೋದವರು ಯಾರೂ ಅವರ ಬರಹವನ್ನು ಓದದೆ ಹೊರಗೆ ಬಂದದ್ದಿಲ್ಲ. ಬೇರೆಡೆ ಗಿರಾಕಿಯ ಕೈಗೆ ದೊಡ್ಡ, ಸಣ್ಣ ಅಕ್ಷರಗಳ ಕಾರ್ಡು ಕೊಟ್ಟು ಓದಿಸುತ್ತಾರೆ. ಇವರೋ, ಪರೀಕ್ಷೆಯ ದುಂಡು ಚೌಕಟ್ಟನ್ನು ನಿಮ್ಮ ಮೂಗಿನ ಮೇಲೆ ಕೂರಿಸಿ, ಅದರೊಳಗೆ ಗಾಜುಗಳನ್ನು ಇಳಿಬಿಟ್ಟು, ಬೂದುಬಣ್ಣದ ಕೋಟಿನ ಜೇಬಿನಿಂದ ಆ ತಿಂಗಳ ಸಾಹಿತ್ಯ ಪತ್ರಿಕೆಯನ್ನು ಹೊರತೆಗೆದು, ತಮ್ಮ ಕವಿತೆಯೋ ಕತೆಯೋ ಇರುವ ಪುಟವನ್ನು ಬಿಡಿಸಿ ಕೈಗಿಡುತ್ತಾರೆ. ಸಾಹಿತ್ಯ ಪತ್ರಿಕೆಗಳಷ್ಟು ಸಣ್ಣ ಅಕ್ಷರ ಔಷಧದ ಡಬ್ಬಿಯ ಮೇಲೂ ಇರುವುದಿಲ್ಲ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಬೇರೆ ಯಾವುದು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ.

ಅವರ ಮೊದಲ ಕತೆ ಅಚ್ಚಾದದ್ದು ಒಂದು ಮಾಸಪತ್ರಿಕೆಯ ನಲವತ್ತೊಂದನೇ ಪುಟದಲ್ಲಿ. ಆ ವರ್ತಮಾನವನ್ನು ಒಂದು ವರ್ಷ ಕಾಲ ಕಂಡಕಂಡವರಿಗೆಲ್ಲ ಪತ್ರಿಕೆ, ತಿಂಗಳು, ಪುಟಸಂಖ್ಯೆ ಸಮೇತ ಹೇಳಿದ್ದರಿಂದ ಬೀದಿಯವರು ಅವರಿಗೆ ‘ನಲವತ್ತೊಂದನೇ ಪುಟದವರು’ ಎಂದೇ ಹೆಸರಿಟ್ಟರು. ಆಮೇಲೆ ಎಷ್ಟೋ ಪುಟಗಳಲ್ಲಿ ಅಚ್ಚಾದರೂ ಆ ಹೆಸರು ಮಾತ್ರ ಹಾಗೇ ನಿಂತಿತು. ಕೋಟಿನ ಜೇಬನ್ನು ಅವರು ಪತ್ರಿಕೆಯ ಅಳತೆಗೆ ಹೊಲಿಸಿದ್ದಾರೆ. ಒಂದು ತ್ರೈಮಾಸಿಕ ತನ್ನ ಆಕಾರವನ್ನು ಹಿಗ್ಗಿಸಿಕೊಂಡಾಗ ಜೇಬು ಬಿಚ್ಚಿಸಿ ದೊಡ್ಡದು ಮಾಡಿಸಿದರು. ಪತ್ರಿಕೆ ಎರಡು ಸಂಚಿಕೆಗೆ ನಿಂತುಹೋಯಿತು, ಜೇಬು ಉಳಿಯಿತು. ನಡೆಯುವಾಗ ಕತ್ತನ್ನು ಎಡಕ್ಕೆ ವಾಲಿಸಿಕೊಂಡು, ದಾರಿಯುದ್ದಕ್ಕೂ ಯಾವುದೋ ಗಾಜಿನ ಗೀರು ಹುಡುಕುವವರಂತೆ ನಿಧಾನವಾಗಿ ಹೋಗುತ್ತಾರೆ. ಎದುರು ಸಿಕ್ಕವರ ಕನ್ನಡಕವನ್ನು ಹೇಳದೆ ಕೇಳದೆ ಮೂಗಿನಿಂದ ತೆಗೆದು, ಕೋಟಿನ ತುದಿಯಿಂದ ಒರೆಸಿ, ಮತ್ತೆ ಇಡುವುದು ಅವರ ಅಭ್ಯಾಸ. ಸುದ್ದಿ ಹೇಳುವುದು ಆ ನಡುವಿನ ಹೊತ್ತಿನಲ್ಲಿ, ಅಂದರೆ ಎದುರಿನವನು ಕಣ್ಣು ಕಾಣದೆ ಎಲ್ಲಿಗೂ ಓಡಲಾರದಾಗ. “ಇದು ವಾಸಿನಾ, ಮೊದಲಿನದೇ ವಾಸಿನಾ?” ಎಂಬ ವೃತ್ತಿಯ ಪ್ರಶ್ನೆ ಅವರ ನಾಲಗೆಗೆ ಎಷ್ಟು ಹತ್ತಿಕೊಂಡಿದೆಯೆಂದರೆ, ಎರಡನೇ ಲೋಟ ಚಹಾ ಕೊಟ್ಟವರನ್ನೂ ಹಾಗೆಯೇ ಕೇಳುತ್ತಾರೆ.

ಆಚೆ ಬದಿಯ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ನಾನು ನಲವತ್ತು ದಾಟಿದ ಮೇಲೆ ಆ ಕುರ್ಚಿಯಲ್ಲಿ ಕೂತೆ. ಕೈಗೆ ಬಂದದ್ದು ಹದಿನಾಲ್ಕು ಸಾಲಿನ ಒಂದು ಕವಿತೆ. ಓದಿದೆ. ಅಕ್ಷರ ಚೆನ್ನಾಗಿ ಕಾಣುತ್ತಿದೆ ಎಂದೆ. ಅವರು ಗಾಜಿನ ಪೆಟ್ಟಿಗೆಯನ್ನು ಮುಚ್ಚದೆ ಇನ್ನೂ ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತ ನಿಂತರು. ಎಡಗಣ್ಣಿನದು ಇನ್ನೂ ಬಾಕಿ ಇದೆಯೇನೋ ಎಂದುಕೊಂಡು ನಾನು ಸುಮ್ಮನೆ ಕೂತೆ. ಆಮೇಲೆ ಅವರು ಚೀಟಿಯಲ್ಲಿ ನಂಬರು ಬರೆದರು.

ಅಂಗಡಿಯ ಮುಂಭಾಗದ ಮೇಜು ಅವರ ಅಕ್ಕನದು. ತಮ್ಮನಿಗಿಂತ ಎಂಟು ವರ್ಷ ದೊಡ್ಡವರು; ತಂದೆ ತೀರಿಕೊಂಡ ಮೇಲೆ ಅಂಗಡಿಯನ್ನೂ ತಮ್ಮನನ್ನೂ ಒಟ್ಟಿಗೆ ಸಾಕಿದವರು. ಕನ್ನಡಕದ ಕಾಲು ಕೂರಿಸುವುದು, ಸಾಸಿವೆಗಿಂತ ಚಿಕ್ಕ ತಿರುಪು ಬಿಗಿಯುವುದು ಅವರ ಕೆಲಸ. ಹೊಸ ಸಂಚಿಕೆ ಬಂದರೆ ತಮ್ಮ ಮೊದಲು ಸುದ್ದಿ ಹೇಳುವುದು ಅಕ್ಕನಿಗೆ. ಅಕ್ಕ ಹೂಂ ಎನ್ನುತ್ತಾರೆ. ಮೂವತ್ತು ವರ್ಷದಲ್ಲಿ ಆ ಹೂಂ ಉದ್ದವಾಗಲಿಲ್ಲ, ಗಿಡ್ಡವೂ ಆಗಲಿಲ್ಲ. ಮೇಜಿನ ಮೇಲೆ ತಮ್ಮ ಇಟ್ಟುಹೋದ ಪತ್ರಿಕೆಯನ್ನು ಅಕ್ಕ ಮಗುಚಿ ಹಾಕಿ, ಹಿಂದಿನ ಬಿಳಿ ರಟ್ಟಿನ ಮೇಲೆ ತಿರುಪುಗಳನ್ನು ಹರಡಿಕೊಳ್ಳುತ್ತಿದ್ದರು. ಬಿಳಿಯ ಮೇಲಾದರೆ ಕಳೆಯುವುದಿಲ್ಲ. ಒಮ್ಮೆ ನಾನೇ, ಅಕ್ಕನವರು ಓದಿದ್ದಾರೆಯೇ ಎಂದು ಸಹಜವಾಗಿ ಕೇಳಿದ್ದಕ್ಕೆ ಅವರು ನನ್ನ ಕನ್ನಡಕ ಕಿತ್ತುಕೊಂಡು ಬಹಳ ಹೊತ್ತು ಒರೆಸಿದರು. ಊರವರೆಲ್ಲ ಓದಿದರೂ ಅಕ್ಕ ಓದದ ಕತೆ ಅರ್ಧವೇ ಎಂದರು. ಆ ದಿನ ನನಗೆ ಅವರ ಬಗ್ಗೆ ನಿಜವಾಗಿ ಸಂಕಟವಾಯಿತು.

ಅಕ್ಕನಿಗೂ ಓದಲು ಕನ್ನಡಕ ಬೇಕಾಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ತಂದೆಯ ಕಾಲದ ಭೂತಗನ್ನಡಿಯಲ್ಲೇ ಸಂಭಾಳಿಸುತ್ತಿದ್ದರು. ಪರೀಕ್ಷೆಗೆ ಮಾತ್ರ ಜಪ್ಪಯ್ಯ ಎಂದರೂ ಕೂರುತ್ತಿರಲಿಲ್ಲ. ಕೊನೆಗೆ ಒಂದೇ ವಾರದಲ್ಲಿ ಎರಡು ಕನ್ನಡಕಗಳ ತಿರುಪನ್ನು ಓರೆಯಾಗಿ ಕೂರಿಸಿ, ಅವುಗಳಲ್ಲೊಂದು ಗಿರಾಕಿಯ ಕೈಯಲ್ಲೇ ಕಳಚಿ ಬಿದ್ದಾಗ, ಮರುಮಾತಿಲ್ಲದೆ ಬಂದು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ಹೊತ್ತು. ನನ್ನ ಕನ್ನಡಕದ ಕಾಲು ಸರಿಮಾಡಿಸಿಕೊಳ್ಳಲು ಹೋಗಿದ್ದ ನಾನು ಬೆಂಚಿನ ಮೇಲಿದ್ದೆ.

ತಮ್ಮ ಚೌಕಟ್ಟು ಕೂರಿಸಿ, ಗಾಜು ಹಾಕಿ, ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ, ಹೊಸ ತ್ರೈಮಾಸಿಕವನ್ನು ಬಿಡಿಸಿ ಅಕ್ಕನ ಕೈಗಿಟ್ಟರು. ಅದರಲ್ಲಿದ್ದದ್ದು ಅವರ ತಂದೆಯ ಕತೆ: ಕಡೆಗಾಲದಲ್ಲಿ ತನಗೇ ಕಣ್ಣು ಮಂಜಾದರೂ ಯಾರಿಗೂ ಹೇಳದೆ, ಬೆರಳ ತುದಿಯಿಂದಲೇ ಗಾಜಿನ ನಂಬರು ಗುರುತಿಸುತ್ತ, ಸಾಯುವ ದಿನ ಮಗನ ಕೈಗೆ ಅಂಗಡಿಯ ಬೀಗದ ಕೈ ಕೊಟ್ಟುಹೋದ ಮುದುಕನದು. ಗ್ರಂಥಾಲಯದ ಪ್ರತಿಯಲ್ಲಿ ನಾನು ಆಗಲೇ ಓದಿದ್ದೆ. ಆರು ಪುಟ.

ಕಾಣುತ್ತಾ ಎಂದು ತಮ್ಮ ಕೇಳಿದರು. ಇಲ್ಲ ಎಂದರು ಅಕ್ಕ. ಅವರು ಪೆಟ್ಟಿಗೆಗೆ ಬಾಗಿ ಇನ್ನೊಂದು ಗಾಜು ಹುಡುಕಿ ಹಾಕಿದರು. ಅದೂ ಇಲ್ಲ. ತೀರಾ ಕಡಿಮೆ ವ್ಯತ್ಯಾಸದ ಗಾಜುಗಳು, ಒಂದರ ಹಿಂದೊಂದು ಬಂದವು, ಒಂದರ ಹಿಂದೊಂದು ಹೋದವು. ಇದು ವಾಸಿನಾ, ಮೊದಲಿನದೇ ವಾಸಿನಾ? ಅಕ್ಕ ತಲೆ ಎತ್ತದೆ, ಯಾವುದೂ ಆಗಲಿಲ್ಲ, ಬೇರೆ ನೋಡು ಎನ್ನುತ್ತಿದ್ದರು. ತಮ್ಮ ಬೆನ್ನು ತಿರುಗಿಸಿ ಪೆಟ್ಟಿಗೆಗೆ ಬಾಗಿದ್ದಾಗ ಅಕ್ಕ ಪುಟ ಮಗುಚಿದ್ದನ್ನು ನಾನು ಕಂಡೆ. ಮತ್ತೊಮ್ಮೆ ಮಗುಚಿದರು. ಮೂರನೆಯ ಬಾರಿ ತಮ್ಮನೂ ಕಂಡರು. ಕೈಯಲ್ಲಿದ್ದ ಗಾಜು ಕೈಯಲ್ಲೇ ಉಳಿಯಿತು. ಅಂಗಡಿಗೆ ಬಂದ ಇಬ್ಬರಿಗೆ ಕಣ್ಸನ್ನೆಯಲ್ಲೇ ಕೂರಲು ಹೇಳಿದರು.

ಕೊನೆಯ ಸಾಲು ಮುಗಿಸಿ ಅಕ್ಕ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡರು. ಚೌಕಟ್ಟು ಇನ್ನೂ ಮೂಗಿನ ಮೇಲೇ ಇತ್ತು.

“ಅಪ್ಪ ಬೀಗದ ಕೈ ಕೊಟ್ಟಾಗ ನೀನು ರೂಮಲ್ಲಿ ಇರ್ಲಿಲ್ಲ ಕಣೋ. ನೀರು ತರೋಕೆ ಹೋಗಿದ್ದೆ. ನನ್ನ ಕೈಗೆ ಕೊಟ್ಟು, ಇಬ್ರೂ ನೋಡ್ಕೊಳ್ಳಿ ಅಂದ್ರು. ಹುಡುಗ ಹೆದರ್ಕೊಂಡಿದಾನೆ ಅಂತ ನಾನೇ ನಿನ್ನ ಕೈಗಿಟ್ಟೆ.” ಅದೇ ಸಾಮಾನ್ಯ ದನಿಯಲ್ಲಿ ಕೇಳಿದರು: “ಆರು ಪುಟ ಬರ್ದಿದೀಯ. ಇದರಲ್ಲಿ ನಾನೆಲ್ಲೋ?”

ತಮ್ಮ, ಕೋಟಿನ ತುದಿಯಿಂದ ಆ ಗಾಜನ್ನು ಒರೆಸುತ್ತ ನಿಂತರು. ಅಕ್ಕ ಚೌಕಟ್ಟನ್ನು ತಾವೇ ತೆಗೆದು ಮೇಜಿನ ಮೇಲಿಟ್ಟರು. “ಮೊದಲು ಹಾಕಿದ್ದೇ ಸರಿ ಇತ್ತು, ಅದನ್ನೇ ಬರ್ಕೋ” ಎಂದು ಮುಂಭಾಗದ ಮೇಜಿಗೆ ಹೋಗಿ ಕೂತು, ನನ್ನ ಕನ್ನಡಕವನ್ನು ಕೈಗೆತ್ತಿಕೊಂಡರು.

ಮಾರನೆಯ ದಿನ ನಲವತ್ತೊಂದನೇ ಪುಟದವರು ಬೀದಿಯುದ್ದಕ್ಕೂ ಸುದ್ದಿ ಹೇಳುತ್ತ ಬಂದರು. ಹಾಲಿನ ಅಂಗಡಿಯವನ ಕನ್ನಡಕ ಒರೆಸುತ್ತ ಹೇಳಿದರು, ದರ್ಜಿಯದನ್ನು ಒರೆಸುತ್ತ ಹೇಳಿದರು, ಗ್ರಂಥಾಲಯದ ಮೆಟ್ಟಿಲು ಹತ್ತಿ ಬಂದು, ಎಲ್ಲವನ್ನೂ ಕಣ್ಣಾರೆ ಕಂಡ ನನಗೂ ಹೇಳಿದರು. ಪತ್ರಿಕೆಯ ಹೆಸರಿಲ್ಲ, ಪುಟಸಂಖ್ಯೆಯಿಲ್ಲ. “ಅಕ್ಕ ಓದಿದ್ಲು. ತಪ್ಪಿದೆಯಂತೆ.” ಮುಖ ಮಲ್ಲಿಗೆಯಂತೆ ಅರಳಿತ್ತು, ಕಣ್ಣು ಒದ್ದೆಯಾಗಿತ್ತು. ಆ ಕತೆಯನ್ನು ಈಗ ಮತ್ತೆ ಬರೆಯುತ್ತಿದ್ದಾರೆ. ನಾಲ್ಕು ಸಲ ತಿದ್ದಿದ್ದಾಗಿದೆ. ಯಾವ ಪತ್ರಿಕೆಗೂ ಹೋಗಿಲ್ಲ, ಏಕೆಂದರೆ ಹೊಸ ಕನ್ನಡಕ ಹಾಕಿಕೊಂಡು ಓದುವ ಅಕ್ಕ ಇನ್ನೂ ಒಪ್ಪಿಲ್ಲ.

ಬರೆದದ್ದು ಅಚ್ಚಾಯಿತೆಂದು ಊರಿಗೆಲ್ಲ ಸಾರುವವರನ್ನು ಕಂಡರೆ ನಾವು ಮೂಗು ಮುರಿಯುತ್ತೇವೆ, ಹೊಗಳಿಸಿಕೊಳ್ಳುವ ಚಪಲ ಎಂದು ಬೆನ್ನ ಹಿಂದೆ ನಗುತ್ತೇವೆ. ಈ ಬಗೆಯ ಜನಕ್ಕೆ ತಪ್ಪು ತೋರಿಸಿದರೂ ಸಾಕು. ತಪ್ಪು ಸಿಗುವಷ್ಟು ಗಮನವಿಟ್ಟು ಯಾರಾದರೊಬ್ಬರು ಓದಿರಬೇಕು, ಓದಿ ಒಂದು ಮಾತು ಆಡಬೇಕು. ಹನ್ನೊಂದು ಸಲ ಆ ಕುರ್ಚಿಯಲ್ಲಿ ಕೂತು, ಹನ್ನೊಂದು ಬರಹಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅಕ್ಷರ ಚೆನ್ನಾಗಿ ಕಾಣುತ್ತಿದೆ ಎಂದಷ್ಟೇ ಹೇಳಿ ಎದ್ದುಬಂದವನು ನಾನು.